ಇಮ್ಮೆನ್‌ಡೋರ್ಫ್ ಚಿತ್ರಗಳನ್ನು ನೋಡಿ ಬಂದೆ, ಈತನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಮ್ಯೂನಿಕ್‌ನಲ್ಲಿ. ಸಾಫ್ಟ್‌ವೇರ್ ಕೆಲಸ, ಚಿತ್ರಕಲೆ ಓದಿದವಳಲ್ಲ. ಹೋದ ಭಾನುವಾರ ಆಫೀಸಿನ ಗೆಳತಿ ಕರೆದಳು ಅಂತ ಹೌಸ್ ಡೆರ್ ಕುನ್ಸ್ಟ್ ಎಂಬ ಕಲಾ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಯೋರ್ಗ್ ಇಮ್ಮೆನ್‌ಡೋರ್ಫ್ ಎಂಬ ಚಿತ್ರಕಾರನ ಇಡೀ ಜೀವಮಾನದ ಕೆಲಸವನ್ನು ಒಂದೇ ಕಡೆ ಇಟ್ಟಿದ್ದಾರೆ. 2018ರ ಸೆಪ್ಟೆಂಬರ್ 14ರಿಂದ 2019ರ ಜನವರಿ 27ರ ತನಕದ ಪ್ರದರ್ಶನ ಇದು. ಪ್ರದರ್ಶನದ ಹೆಸರು 'ಲೋಕದ ಎಲ್ಲ ಪ್ರೀತಿಪಾತ್ರರಿಗೆ' ಅಂತ, 1966ರಲ್ಲಿ ಆತ ಬರೆದ ಒಂದು ಚಿತ್ರದ ಹೆಸರೇ ಅದು.

ಮೊದಲು ಆ ಕಟ್ಟಡದ ಬಗ್ಗೆ ಹೇಳಬೇಕು. ನಾಜಿಗಳು ಕಟ್ಟಿಸಿದ್ದು, 1937ರಲ್ಲಿ ತೆರೆದದ್ದು. ಮುಂಭಾಗದಲ್ಲಿ ಸಾಲಾಗಿ ದಪ್ಪ ಕಲ್ಲಿನ ಕಂಬಗಳು. ಒಳಗೆ ಹೋಗುವ ಮುಂಚೆ ಸುಮ್ನೆ ತಲೆ ಎತ್ತಿ ನೋಡಿದೆ. ಮೇಲ್ಚಾವಣಿಯಲ್ಲಿ ಚಿಕ್ಕ ಚಿಕ್ಕ ಕಲ್ಲು ಕೂರಿಸಿ ಮಾಡಿದ ವಿನ್ಯಾಸ, ಅದರಲ್ಲಿ ಸ್ವಸ್ತಿಕ. ಊರಲ್ಲಿ ಅಮ್ಮ ಹಬ್ಬ ಬಂತೆಂದರೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಪಕ್ಕದಲ್ಲಿ ಬರೆಯುವ ಅದೇ ಗುರುತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ, "ಒಳ್ಳೆಯದೇ ಆಯ್ತಲ್ಲ, ಅಲ್ಲೂ ಬರೆದಿದ್ದಾರೆ" ಅಂದರು. ಅದು ಆ ಸ್ವಸ್ತಿಕ ಅಲ್ಲಮ್ಮ ಅಂತ ಬಾಗಿಲಲ್ಲೇ ನಿಂತು ಹತ್ತು ನಿಮಿಷ ವಿವರಿಸಬೇಕಾಯಿತು. ಒಳಗೆ ಹೋಗುವಷ್ಟರಲ್ಲಿ ನನ್ನ ಮನಸ್ಸೇ ಬೇರೆ ಆಗಿತ್ತು.

ಒಳಗೆ ಮೊದಲು ಕಂಡದ್ದು ದಪ್ಪ ದಪ್ಪ ಕೂಸುಗಳ ಚಿತ್ರ, ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುವ ಹಾಗೆ. ಆಮೇಲೆ 70ರ ದಶಕದ ಕೆಲಸ. ಇಲ್ಲಿ ನನಗೆ ನಿರಾಸೆಯಾಯಿತು. ಕೆಂಪು ಬಾವುಟ, ಮೆರವಣಿಗೆ, ಚಿತ್ರದಲ್ಲೇ ಬರೆದ ಘೋಷಣೆಗಳು. ನಮ್ಮ ಊರಿನ ಗೋಡೆ ಬರಹ ನೋಡಿದ ಹಾಗಿತ್ತು. ಇದನ್ನು ಯಾಕೆ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ ಅನ್ನಿಸಿತು.

ಆಮೇಲೆ 'ಕೆಫೆ ಡಾಯ್ಚ್‌ಲಾಂಡ್', ಅಂದರೆ 'ಜರ್ಮನಿ ಕೆಫೆ' ಸಾಲಿನ ಚಿತ್ರಗಳು ಬಂದವು. ಮೂರು ಮೀಟರ್ ಅಗಲದ ಕ್ಯಾನ್ವಾಸುಗಳು. ಕತ್ತಲೆ ತುಂಬಿದ ಒಂದು ಬಾರ್, ಕುಡಿಯುವವರು, ಕುಣಿಯುವವರು, ರಾಜಕಾರಣಿಗಳು, ಹದ್ದು, ಮಂಜುಗಡ್ಡೆ, ನಡುವೆ ಬರ್ಲಿನ್ ಗೋಡೆ. ಒಂದು ಚಿತ್ರದಲ್ಲಿ ಆತನೇ ಕೂತಿದ್ದಾನೆ, ಗೋಡೆಯಲ್ಲಿ ಒಂದು ತೂತು, ಅದರೊಳಗಿಂದ ಕೈ ಆಚೆ ಚಾಚಿದ್ದಾನೆ. ಅಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಗೆಳತಿ ಬಂದು ಭುಜ ಮುಟ್ಟಿದಾಗಲೇ ಎಚ್ಚರ.

ಮನೆಗೆ ಬಂದು ಇವನ ಬಗ್ಗೆ ಓದಿದೆ. 1968ರಲ್ಲಿ ಪಾರ್ಲಿಮೆಂಟ್ ಎದುರು ಕಾಲಿಗೆ ಮರದ ತುಂಡು ಕಟ್ಟಿಕೊಂಡು ಓಡಾಡಿದವನು, ಕೊನೆಗೆ ಜರ್ಮನಿ ಸರ್ಕಾರದ ಮುಖ್ಯಸ್ಥನಾಗಿದ್ದ ಚಾನ್ಸಲರ್ ಶ್ರೋಡರ್‌ ಚಿತ್ರವನ್ನು ಚಿನ್ನದ ಬಣ್ಣದಲ್ಲಿ ಮಾಡಿಕೊಟ್ಟಿದ್ದಾನೆ! ಈಗ ನನ್ನ ಪ್ರಶ್ನೆ. ಆ ಘೋಷಣೆಯ ಚಿತ್ರಗಳು ಕಲೆಯಾ? ಅಷ್ಟೆಲ್ಲ ಕೂಗಾಡಿದವನು ಕೊನೆಗೆ ಅಧಿಕಾರದ ಮನೆಗೇ ಹೋಗಿ ಕೂತನಾ? ಆ ಕೈಯ ಚಿತ್ರ ನನ್ನನ್ನು ಹಿಡಿದುಕೊಂಡಿದೆ, ಆದರೆ ಮಾಡಿದವನನ್ನು ನಂಬಬೇಕೋ ಬೇಡವೋ ತಿಳಿಯುತ್ತಿಲ್ಲ. ಗೊತ್ತಿರುವವರು ಹೇಳಿ.

ಚುಕ್ಕಿ_ಗೆರೆ

ಒಳ್ಳೆ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಈ ಮನುಷ್ಯ ನನಗೆ ಬಹಳ ಹತ್ತಿರದವನು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಮರದ ತುಂಡಿನ ಕತೆ. ಇಮ್ಮೆನ್‌ಡೋರ್ಫ್ ಡ್ಯೂಸೆಲ್‌ಡೋರ್ಫ್ ಕಲಾ ಅಕಾಡೆಮಿಯಲ್ಲಿ ಮೊದಲು ರಂಗಸಜ್ಜಿಕೆ ಕಲಿಯುತ್ತಿದ್ದ. ತನ್ನ ಚಿತ್ರವನ್ನು ನಾಟಕದ ಅಲಂಕಾರಕ್ಕೆ ಕೊಡಲ್ಲ ಅಂತ ಹಟ ಹಿಡಿದು ಆ ತರಗತಿಯಿಂದ ಹೊರಬಿದ್ದ. 1964ರಲ್ಲಿ ಅಲ್ಲಿನ ಪ್ರೊಫೆಸರ್, ಹೆಸರಾಂತ ಕಲಾವಿದ ಯೋಸೆಫ್ ಬಾಯ್ಸ್ ತನ್ನ ತರಗತಿಗೆ ಸೇರಿಸಿಕೊಂಡ. 1966ರಲ್ಲಿ ಈತ ಒಂದು ಚಿತ್ರ ಮಾಡಿ, ಅದರ ಮೇಲೆಯೇ ದೊಡ್ಡದಾಗಿ ಕಾಟು ಹೊಡೆದು, 'ಚಿತ್ರ ಬಿಡಿಸುವುದನ್ನು ನಿಲ್ಲಿಸಿ' ಅಂತ ಬರೆದ. ಈಗ ಅದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಮ್ಯೂಸಿಯಂನಲ್ಲಿದೆ. ನೋಡಿ, ಚಿತ್ರ ಬಿಡಿಸಬೇಡಿ ಅನ್ನುವುದನ್ನೂ ಅವನು ಚಿತ್ರ ಬಿಡಿಸಿಯೇ ಹೇಳಬೇಕಾಯಿತು. ಅವನ ಜೀವನದ ಗಂಟು ಇಲ್ಲೇ ಬಿದ್ದದ್ದು ಅಂತ ನನ್ನ ಅಭಿಪ್ರಾಯ.

1968ರ ಜನವರಿಯಲ್ಲಿ ಆಗಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ಪಾರ್ಲಿಮೆಂಟ್ ಭವನದ ಎದುರು ಒಂದು ಮರದ ದಿಮ್ಮಿಗೆ ಕಪ್ಪು, ಕೆಂಪು, ಹಳದಿ ಬಣ್ಣ ಬಳಿದು, ಅಂದರೆ ದೇಶದ ಬಾವುಟದ ಬಣ್ಣ, ಅದರ ಮೇಲೆ 'ಲಿಡ್ಲ್' ಅಂತ ಬರೆದು ಕಾಲಿಗೆ ಕಟ್ಟಿಕೊಂಡು ಎಳೆದಾಡಿದ. ಪೊಲೀಸರು ಬಂದು ತಡೆದರು. ಲಿಡ್ಲ್ ಅನ್ನುವ ಮಾತಿಗೆ ಅರ್ಥ ಇಲ್ಲ, ಮಗುವಿನ ಗಿಲಕಿ ಮಾಡುವ ಸದ್ದು ಅಷ್ಟೇ. ಜರ್ಮನಿಯಲ್ಲಿರುವವರಿಗೆ ಅದೇ ಹೆಸರಿನ ಅಂಗಡಿ ನೆನಪಾಗಬಹುದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ನೋಡಿದ ಕೂಸುಗಳಿಗೂ ಇದಕ್ಕೂ ಸಂಬಂಧ ಇದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ, ಕೊಲೆಗಡುಕ ಗಂಭೀರತೆಯ ಎದುರು ಮಗುವಿನ ಸದ್ದು ಇಟ್ಟ. ಮುಂದಿನ ವರ್ಷ ಅಕಾಡೆಮಿಯಿಂದ ಹೊರಹಾಕಿದರು.

ಇನ್ನು ನಿಮಗೆ ನಿರಾಸೆ ಮಾಡಿದ ಚಿತ್ರಗಳು. 1968ರಿಂದ 1980ರ ತನಕ ಅವನು ಡ್ಯೂಸೆಲ್‌ಡೋರ್ಫ್‌ನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಹನ್ನೆರಡು ವರ್ಷ! ಹೌಪ್ಟ್‌ಷೂಲೆ ಅನ್ನುತ್ತಾರೆ, ಕಾಲೇಜಿಗೆ ಹೋಗದೆ ಕಸುಬು ಕಲಿಯಲು ಹೋಗುವ ಮಕ್ಕಳ ಶಾಲೆ. ಬೆಳಗ್ಗೆ ಆ ಮಕ್ಕಳಿಗೆ ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಈ ಚಿತ್ರ ಮಾಡಿದವನು. ಹಾಗಾಗಿ ಅವು ಓದಲು ಸುಲಭ ಇವೆ, ಮಕ್ಕಳ ಪಠ್ಯಪುಸ್ತಕದ ಚಿತ್ರದ ಹಾಗೆ ಕೆಳಗೆ ಬರಹ ಇದೆ. 1972ರ ಒಂದು ಚಿತ್ರದಲ್ಲಿ ತಾನು ಕಲಾವಿದನಾಗಬೇಕು ಅಂದುಕೊಂಡ ದಿನಗಳನ್ನು ನೆನೆಯುತ್ತಾನೆ. ಪೇಪರಿನಲ್ಲಿ ಹೆಸರು ಬರಬೇಕು, ತುಂಬಾ ಪ್ರದರ್ಶನ ಆಗಬೇಕು, ಹೊಸದೇನಾದರೂ ಮಾಡಬೇಕು ಅಂತ ಕನಸು ಕಂಡಿದ್ದೆ, ನನ್ನನ್ನು ನಡೆಸುತ್ತಿದ್ದದ್ದು ಸ್ವಾರ್ಥ ಅಂತ ತನ್ನ ಬಗ್ಗೆಯೇ ಬರೆದಿದ್ದಾನೆ. ಯಾವ ಘೋಷಣೆಯ ಚಿತ್ರದಲ್ಲಿ ಇಂಥ ಮಾತು ಬರುತ್ತದೆ ಹೇಳಿ?

1973ರದ್ದು ಇನ್ನೊಂದಿದೆ. ಸ್ಟುಡಿಯೋದಲ್ಲಿ ಒಬ್ಬ ಚಿತ್ರಕಾರ ತನ್ನ ಪಾಡಿಗೆ ಕ್ಯಾನ್ವಾಸ್ ಮುಂದೆ ಇದ್ದಾನೆ. ಮತ್ತೊಬ್ಬ ಬಾಗಿಲು ತೆರೆದು ಒಳಗೆ ಬಂದು ಹೊರಗೆ ಕೈ ತೋರಿಸುತ್ತಿದ್ದಾನೆ, ಬೀದಿಯಲ್ಲಿ ಕೆಂಪು ಬಾವುಟದ ಮೆರವಣಿಗೆ. ಚಿತ್ರದ ಹೆಸರು 'ನಿನ್ನ ಕಲೆ ಇಟ್ಟುಕೊಂಡು ನೀನು ಎಲ್ಲಿ ನಿಂತಿದ್ದೀಯ, ಗೆಳೆಯಾ?' ಬಂದವನೂ ಅವನೇ, ಕೂತವನೂ ಅವನೇ ಅಂತ ನಾನು ಓದಿಕೊಳ್ಳುತ್ತೇನೆ. ನನ್ನ ಶಾಲೆಯ ಸ್ಟಾಫ್ ರೂಮಿನ ಬೀರುವಿನ ಒಳಬಾಗಿಲಿಗೆ ಈ ಚಿತ್ರದ ಪ್ರಿಂಟ್ ಅಂಟಿಸಿದ್ದೇನೆ. ದಿನಾ ಚಾಕ್‌ಪೀಸ್ ತೆಗೆಯುವಾಗ ಕಣ್ಣಿಗೆ ಬೀಳುತ್ತದೆ.

ಬಣ್ಣದ_ಡಬ್ಬಿ

ಮೇಷ್ಟ್ರು ಚೆನ್ನಾಗಿ ಹೇಳಿದ್ದೀರಿ. ಆದರೆ ತಂಗಿಯ ನಿರಾಸೆಯೂ ಸುಳ್ಳಲ್ಲ ಅಂತ ನನಗನ್ನಿಸುತ್ತದೆ.

ನನಗೆ ಈಗ 63. 80ರ ದಶಕದಲ್ಲಿ ಬೀದಿ ನಾಟಕದ ಜಾಥಾಗಳಿಗೆ ಬ್ಯಾನರ್ ಬರೆಯುತ್ತಿದ್ದೆ. ಬಟ್ಟೆಯನ್ನು ಗೋಡೆಗೆ ಮೊಳೆ ಹೊಡೆದು ಕಟ್ಟಿ, ರಾತ್ರಿಯೆಲ್ಲಾ ಕೂತು ಬರೆದು, ಬೆಳಗ್ಗೆ ಬಸ್ಸಿಗೆ ಹಾಕಿ ಕಳಿಸುವುದು. ಕೂಲಿಕಾರ, ರೈತ, ಮುಷ್ಟಿ, ಸೂರ್ಯ. ಎಷ್ಟು ಬರೆದಿದ್ದೇನೋ ಲೆಕ್ಕ ಇಲ್ಲ. ಒಂದು ದಿನ ಹತ್ತು ಬ್ಯಾನರ್ ಒಣಹಾಕಿ ನೋಡುತ್ತೇನೆ, ಎಲ್ಲ ಮುಖಗಳೂ ಒಂದೇ. ಗಟ್ಟಿ ದವಡೆ, ಬಾಯಿ ತೆರೆದಿದೆ, ಯಾರೂ ಯಾರನ್ನೂ ನೋಡುತ್ತಿಲ್ಲ. ನಮ್ಮ ಬೀದಿಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದ ಒಬ್ಬರು ಬಂದು, ಇವರಲ್ಲಿ ನಾನು ಯಾರು ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಹುಡುಕುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಅವರ ಬಲಭುಜ ಮೂಟೆ ಹೊತ್ತು ಹೊತ್ತು ಎಡಕ್ಕಿಂತ ಎರಡು ಬೆರಳು ತಗ್ಗಿತ್ತು. ನನ್ನ ಯಾವ ಬ್ಯಾನರಿನಲ್ಲೂ ಅಂಥ ಭುಜ ಇರಲಿಲ್ಲ.

ಇಮ್ಮೆನ್‌ಡೋರ್ಫ್‌ನ 70ರ ದಶಕದ ಚಿತ್ರಗಳನ್ನು ಪುಸ್ತಕದಲ್ಲಿ ನೋಡಿದಾಗ ನನಗೆ ಆ ಒಣಹಾಕಿದ ಬ್ಯಾನರುಗಳೇ ನೆನಪಾದವು. ಉತ್ತರ ಮೊದಲೇ ಗೊತ್ತಿದೆ, ಚಿತ್ರ ಆಮೇಲೆ ಬಂದಿದೆ. ಕೆಫೆ ಚಿತ್ರಗಳಲ್ಲಿ ಹಾಗಿಲ್ಲ. ಅಲ್ಲಿ ಅವನಿಗೇ ಏನಾಗುತ್ತದೆ ಅಂತ ಗೊತ್ತಿಲ್ಲ. ಗೋಡೆ ಬೀಳುತ್ತದೆ ಅಂತ 1978ರಲ್ಲಿ ಯಾರಿಗೆ ಗೊತ್ತಿತ್ತು? ಗೊತ್ತಿಲ್ಲದೆ ಚಾಚಿದ ಕೈ ಅದು. ನೀವು ಅಲ್ಲಿ ನಿಂತುಬಿಟ್ಟಿದ್ದು ಅದಕ್ಕೇ ಇರಬೇಕು.

ಹಾಗಂತ ಮೊದಲಿನವು ಬೇಡವಾಗಿದ್ದವು ಅಂತ ನಾನು ಹೇಳಲ್ಲ. ನನ್ನ ಬ್ಯಾನರ್ ಬಿಸಿಲಿಗೆ ಬಿಳಚಿ ಹರಿದು ಹೋದವು, ಹೋಗಬೇಕಾದ್ದೇ. ಆದರೆ ಅವನ್ನು ಬರೆಯದಿದ್ದರೆ ಆ ಭುಜ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನೇರ_ಮಾತು

ನಾನು ಒಪ್ಪುವುದಿಲ್ಲ, ಕ್ಷಮಿಸಿ. ನೀವಿಬ್ಬರೂ ಇವನನ್ನು ತುಂಬಾ ಪ್ರೀತಿಯಿಂದ ನೋಡುತ್ತಿದ್ದೀರಿ.

ಅವನು ಸುಮ್ನೆ ಎಡಪಂಥದವನಾಗಿರಲಿಲ್ಲ, ಮಾವೋ ಪರ ಗುಂಪಿನಲ್ಲಿದ್ದ. ಅವನು ಮಾವೋನ ಹೆಸರು ಹಿಡಿದು ಕೆಂಪು ಬಾವುಟ ಬರೆಯುತ್ತಿದ್ದ ಹೊತ್ತಿನಲ್ಲೇ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ನಡೆಯುತ್ತಿತ್ತು. ಮೇಷ್ಟ್ರುಗಳನ್ನು ಬೀದಿಗೆ ಎಳೆದು ಹೊಡೆದರು, ಹಳೆಯ ಚಿತ್ರ, ಹಳೆಯ ಪುಸ್ತಕ ಸುಟ್ಟರು, ಚಿತ್ರಕಾರರನ್ನೇ ಹಿಂಸೆ ಮಾಡಿದರು. ಇದನ್ನೆಲ್ಲ ಹುಡುಗುತನದ ಹುಮ್ಮಸ್ಸು ಅಂತ ಬಿಟ್ಟುಬಿಡಬೇಕಾ? ನಾಜಿಗಳ ಕಟ್ಟಡದಲ್ಲಿ ನಿಂತು ಸ್ವಸ್ತಿಕ ಕಂಡರೆ ಹೊಟ್ಟೆ ಕಲಸುತ್ತದೆ, ಸರಿ. ಮಾವೋ ಕಂಡರೂ ಕಲಸಬೇಕು, ಅಲ್ವಾ?

ಇನ್ನೊಂದು, ಯಾರೂ ಹೇಳಿಲ್ಲ. 2003ರಲ್ಲಿ ಡ್ಯೂಸೆಲ್‌ಡೋರ್ಫ್‌ನ ಒಂದು ಹೋಟೆಲ್ ಕೋಣೆಯಲ್ಲಿ ಕೊಕೇನ್ ಇಟ್ಟುಕೊಂಡು, ದುಡ್ಡು ಕೊಟ್ಟು ಕರೆಸಿದ ಹೆಂಗಸರ ಜೊತೆ ಸಿಕ್ಕಿಬಿದ್ದ. 2004ರಲ್ಲಿ ಕೋರ್ಟು 11 ತಿಂಗಳ ಶಿಕ್ಷೆ ಕೊಟ್ಟು ಅಮಾನತಿನಲ್ಲಿಟ್ಟಿತು, ಒಂದೂವರೆ ಲಕ್ಷ ಯೂರೋ ಕಟ್ಟಿಸಿಕೊಂಡಿತು. ಆಗ ಅವನು ಅಕಾಡೆಮಿಯಲ್ಲಿ ಪ್ರೊಫೆಸರ್. ಈ ವಿಷಯ ಇಟ್ಟುಕೊಂಡು ಕೆಫೆ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಎರಡು ದೇಶಗಳ ಭವಿಷ್ಯ ಮಾತಾಡುವ ಗಂಡಸರಿಗೆಲ್ಲ ಹೆಸರಿದೆ, ಮುಖ ಇದೆ. ಹೆಂಗಸರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ನನಗೆ ಆ ಬಾರಿನಲ್ಲಿ ಕೂರುವುದಕ್ಕೆ ಜಾಗ ಕಾಣಿಸಲಿಲ್ಲ.

ಚುಕ್ಕಿ_ಗೆರೆ

ಮಾವೋ ವಿಷಯದಲ್ಲಿ ನೀವು ಹೇಳಿದ್ದು ಸರಿ ಅಕ್ಕಾ, ನಾನು ಅದನ್ನು ಹಾರಿಸಿ ಹೋಗಬಾರದಿತ್ತು. ಹಳೆಯ ಚಿತ್ರ ಸುಟ್ಟವರ ಪರವಾಗಿ ಒಬ್ಬ ಚಿತ್ರಕಾರ ಬಾವುಟ ಹಿಡಿದ ಅನ್ನುವುದು ನಿಜಕ್ಕೂ ನೋವಿನ ವಿಷಯ. ಹೆಂಗಸರ ಮುಖದ ಮಾತು ಓದಿ ಈಗ ಪುಸ್ತಕ ತೆಗೆದು ನೋಡುತ್ತಾ ಕೂತಿದ್ದೇನೆ. ಉತ್ತರ ಇಲ್ಲ.

ರೈನ್_ನೀರು

ನಾನು ಡ್ಯೂಸೆಲ್‌ಡೋರ್ಫ್‌ನಲ್ಲಿ 16 ವರ್ಷದಿಂದ ಇದ್ದೇನೆ, ನರ್ಸಿಂಗ್ ಕೆಲಸ. ಈ ಊರಿನಲ್ಲಿ ಅವನ ಹೆಸರು ಕೇಳದವರು ಕಡಿಮೆ. ಒಂದೆರಡು ವಿಷಯ ಸೇರಿಸುತ್ತೇನೆ, ಯಾಕೆಂದರೆ ಕೈ ಅಂದ ತಕ್ಷಣ ನನಗೆ ಬೇರೆಯೇ ನೆನಪಾಗುತ್ತದೆ.

ಅವನು ಹುಟ್ಟಿದ್ದು 1945ರ ಜೂನ್‌ನಲ್ಲಿ, ಯುದ್ಧ ಮುಗಿದು ಒಂದು ತಿಂಗಳಿಗೆ, ಬ್ಲೆಕೆಡೆ ಎಂಬ ಸಣ್ಣ ಊರಲ್ಲಿ. ಆ ಊರು ಎಲ್ಬೆ ನದಿಯ ದಂಡೆಯಲ್ಲಿದೆ. ಮುಂದೆ ಎರಡು ಜರ್ಮನಿ ಆದಾಗ ಅಲ್ಲಿ ಆ ನದಿಯೇ ಗಡಿಯಾಯಿತು. ಈ ದಂಡೆಯಲ್ಲಿ ನಿಂತರೆ ಆ ದಂಡೆ ಕಾಣುತ್ತದೆ, ಹೋಗುವ ಹಾಗಿಲ್ಲ. ನದಿ ಆಚೆ ನೆಂಟರಿರುವ ಊರಿನವರಿಗೆ ಇದು ಹೇಗಿರುತ್ತದೆ ಅಂತ ವಿವರಿಸಬೇಕಿಲ್ಲ.

ಗೋಡೆಯ ಆಚೆ ಇದ್ದವನು ಎ. ಆರ್. ಪೆಂಕ್. ಪೂರ್ವ ಜರ್ಮನಿಯ ಡ್ರೆಸ್ಡನ್‌ನ ಚಿತ್ರಕಾರ, ನಿಜವಾದ ಹೆಸರು ರಾಲ್ಫ್ ವಿಂಕ್ಲರ್. ಹಿಮಯುಗದ ಬಗ್ಗೆ ಅಧ್ಯಯನ ಮಾಡಿದ ಒಬ್ಬ ಭೂವಿಜ್ಞಾನಿಯ ಹೆಸರನ್ನು ಇಟ್ಟುಕೊಂಡಿದ್ದ. ಪೂರ್ವ ಜರ್ಮನಿಯ ಸರ್ಕಾರ ಅವನಿಗೆ ಕಾಟ ಕೊಡುತ್ತಿತ್ತು, ಪ್ರದರ್ಶನಕ್ಕೆ ಬಿಡುತ್ತಿರಲಿಲ್ಲ. 1976ರಲ್ಲಿ ಇಮ್ಮೆನ್‌ಡೋರ್ಫ್ ಪೂರ್ವ ಬರ್ಲಿನ್‌ಗೆ ಹೋಗಿ ಅವನನ್ನು ಭೇಟಿಯಾದ. ಒಬ್ಬ ಪಶ್ಚಿಮದಲ್ಲಿದ್ದು ಕಮ್ಯುನಿಸಂ ಕನಸು ಕಾಣುವವನು, ಇನ್ನೊಬ್ಬ ಕಮ್ಯುನಿಸ್ಟ್ ಸರ್ಕಾರದ ಕೈಯಲ್ಲಿ ನಲುಗುತ್ತಿದ್ದವನು. ಇಬ್ಬರೂ ಸೇರಿ ಕೆಲಸ ಮಾಡುವುದು ಅಂತ ಒಪ್ಪಂದ ಮಾಡಿಕೊಂಡರು. ಮಾರನೇ ವರ್ಷ ಇಮ್ಮೆನ್‌ಡೋರ್ಫ್ ಇಟಲಿಯ ಗುಟ್ಟುಸೋ ಬರೆದ ರೋಮಿನ ಒಂದು ಕಾಫಿ ಅಂಗಡಿಯ ಚಿತ್ರವನ್ನು ಕಲೋನ್‌ನಲ್ಲಿ ನೋಡಿದ, ಅಲ್ಲಿಂದ ಕೆಫೆ ಡಾಯ್ಚ್‌ಲಾಂಡ್ ಶುರುವಾಯಿತು. ಘೋಷಣೆ ಬರೆಯುತ್ತಿದ್ದವನ ಕೈ ಬದಲಾದದ್ದು ಪೆಂಕ್‌ನನ್ನು ಕಂಡ ಮೇಲೆ ಅಂತ ನಾನು ನಂಬಿದ್ದೇನೆ. ನೇರ_ಮಾತು ಅವರೇ, ನಿಮ್ಮ ಮಾತಿಗೆ ಇದು ಪೂರ್ತಿ ಉತ್ತರ ಅಲ್ಲ, ಆದರೆ ಎದುರಿಗೆ ಒಬ್ಬ ಮನುಷ್ಯ ಬಂದು ಕೂತಾಗ ಬಾವುಟ ಸ್ವಲ್ಪ ಕೆಳಗಿಳಿಯುತ್ತದೆ. 1980ರಲ್ಲಿ ಪೆಂಕ್ ಪಶ್ಚಿಮಕ್ಕೆ ಬಂದ. 2017ರಲ್ಲಿ ತೀರಿಕೊಂಡ.

ಸ್ವಸ್ತಿಕದ ಬಗ್ಗೆ: ಇಲ್ಲಿ ನಾಜಿ ಗುರುತುಗಳನ್ನು ಬಹಿರಂಗವಾಗಿ ತೋರಿಸುವುದು ಅಪರಾಧ. ಕಲೆ, ಪಾಠ, ಸಂಶೋಧನೆ, ಇಂಥದ್ದಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ಅದಕ್ಕೇ ಕೆಫೆ ಚಿತ್ರಗಳಲ್ಲಿ ಸ್ವಸ್ತಿಕ ಹಿಡಿದ ಹದ್ದು ಇದ್ದರೂ ಗೋಡೆಗೆ ತೂಗುಹಾಕಬಹುದು. ಬಾಗಿಲ ಮೇಲಿರುವುದನ್ನು ಕಿತ್ತುಹಾಕದೆ ಉಳಿಸಿಕೊಂಡಿದ್ದಾರೆ. 1937ರಲ್ಲಿ ಅದೇ ಕಟ್ಟಡದಲ್ಲಿ ಹಿಟ್ಲರ್ ಮೆಚ್ಚಿದ ಚಿತ್ರಗಳ ಪ್ರದರ್ಶನ ಶುರುವಾಗಿ, ಮರುದಿನವೇ ಹತ್ತಿರದ ಹೋಫ್‌ಗಾರ್ಟನ್‌ನಲ್ಲಿ 'ಕೆಟ್ಟುಹೋದ ಕಲೆ' ಅಂತ ಹೀಯಾಳಿಸುವುದಕ್ಕೆ ಇನ್ನೊಂದು ಪ್ರದರ್ಶನ ಇಟ್ಟಿದ್ದರು. ಅಂಥ ಜಾಗದಲ್ಲಿ ಈ ಪ್ರದರ್ಶನಕ್ಕೆ ಇವನ ಚಿತ್ರ ತೂಗುಹಾಕಿದ್ದಾರೆ.

ಈಗ ಕೈ ವಿಷಯ. ಅವನು ಎಡಗೈಯವನು. 1998ರ ಹೊತ್ತಿಗೆ ಎ.ಎಲ್.ಎಸ್. ಅಂತ ಗೊತ್ತಾಯಿತು, ನರ ಸೋತು ಮೈಯ ಸ್ನಾಯುಗಳು ಒಂದೊಂದಾಗಿ ಕೆಲಸ ನಿಲ್ಲಿಸುವ ಕಾಯಿಲೆ, ಸ್ಟೀಫನ್ ಹಾಕಿಂಗ್‌ಗೆ ಇದ್ದದ್ದು. ನಾನು ಈ ಕಾಯಿಲೆಯವರನ್ನು ನೋಡಿಕೊಂಡಿದ್ದೇನೆ. ಮೊದಲು ಷರ್ಟಿನ ಗುಂಡಿ ಹಾಕುವುದಕ್ಕೆ ಆಗುವುದಿಲ್ಲ. ಹೆಬ್ಬೆಟ್ಟಿನ ಬುಡದ ಮಾಂಸ ಕರಗಿ ಅಂಗೈ ಚಪ್ಪಟೆಯಾಗುತ್ತದೆ. ಲೋಟ ಹಿಡಿದರೆ ಜಾರುತ್ತದೆ. ತಲೆ ಮಾತ್ರ ಸಾಮಾನ್ಯವಾಗಿ ಚುರುಕಾಗಿಯೇ ಇರುತ್ತದೆ, ಎಲ್ಲ ತಿಳಿಯುತ್ತಿರುತ್ತದೆ. ಎಡಗೈ ಹೋದ ಮೇಲೆ ಬಲಗೈಯಲ್ಲಿ ಬಿಡಿಸಲು ಕಲಿತ. ಅದೂ ಹೋದಾಗ ಗಾಲಿಕುರ್ಚಿಯಲ್ಲಿ ಕೂತು ಸಹಾಯಕರಿಗೆ ಹೇಳಿ ಮಾಡಿಸಿದ. ಶ್ರೋಡರ್ ಚಿತ್ರ ಆ ಕಾಲದ್ದು, ಅವನೇ ಕುಂಚ ಹಿಡಿದದ್ದಲ್ಲ. ಈ ಕಾಯಿಲೆಯ ಸಂಶೋಧನೆಗೆ ವಿದ್ಯಾರ್ಥಿವೇತನವನ್ನೂ ಶುರು ಮಾಡಿಸಿದ. 2007ರ ಮೇ 28ರಂದು ಇದೇ ಊರಿನಲ್ಲಿ ತೀರಿಕೊಂಡ, 61 ವರ್ಷ.

ಆ ಚಿನ್ನದ ಚಿತ್ರವನ್ನು ಹತ್ತಿರದಿಂದ ನೋಡಿದರೆ ಸುತ್ತ ಪುಟ್ಟ ಕೋತಿಗಳಿವೆ. ಅವನ ಚಿತ್ರಗಳಲ್ಲಿ ಕೋತಿ ಅಂದರೆ ಚಿತ್ರಕಾರನೇ. ಚಾನ್ಸಲರ್ ಆಗಿದ್ದವರ ಚಿತ್ರಗಳ ಸಾಲಿನಲ್ಲಿ ಅದೂ ಬರ್ಲಿನ್‌ನ ಚಾನ್ಸಲರ್ ಕಚೇರಿಯಲ್ಲಿದೆ. ಶ್ರೋಡರ್ ಅವನ ಗೆಳೆಯ, ಗೆಳೆಯನಿಗೆ ಮಾಡಿಕೊಟ್ಟ. ಅಧಿಕಾರಕ್ಕೆ ಸಲಾಂ ಹೊಡೆದ ಅಂತ ನನಗೆ ಅನ್ನಿಸಿಲ್ಲ, ಆದರೆ 1968ರ ಹುಡುಗ ಅದನ್ನು ನೋಡಿದ್ದರೆ ಸುಮ್ಮನಿರುತ್ತಿರಲಿಲ್ಲ ಅನ್ನುವುದೂ ನಿಜ. ಹೋಟೆಲ್ ವಿಷಯಕ್ಕೆ ನಾನು ಸಮರ್ಥನೆ ಕೊಡುವುದಿಲ್ಲ. ಕಾಯಿಲೆ ಬಂತೆಂದು ಯಾರಿಗೂ ಅದಕ್ಕೆ ಹಕ್ಕು ಬರುವುದಿಲ್ಲ.

ಹೇಮಾವತಿ_ದಂಡೆ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ಒಬ್ಬಳೇ ಮತ್ತೆ ಹೋಗಿದ್ದೆ. ಮೂರು ಗಂಟೆ ಇದ್ದೆ. ಮೇಷ್ಟ್ರ ಮಾತು ಇಟ್ಟುಕೊಂಡು 70ರ ದಶಕದ ಚಿತ್ರಗಳ ಮುಂದೆ ನಿಧಾನಕ್ಕೆ ನಿಂತೆ. ಇನ್ನೂ ಇಷ್ಟ ಆಗಲಿಲ್ಲ, ನಿಜ ಹೇಳುತ್ತಿದ್ದೇನೆ. ಆದರೆ ಬೆಳಗ್ಗೆ ಪಾಠ ಮಾಡಿ ಸುಸ್ತಾಗಿ ಬಂದು ಬಿಡಿಸಿದ್ದು ಅಂತ ಗೊತ್ತಾದ ಮೇಲೆ ಕೋಪ ಹೋಗಿದೆ. ನಮ್ಮ ತಂದೆಯೂ ಪ್ರೈಮರಿ ಮೇಷ್ಟ್ರು. ನಲಿ-ಕಲಿ ಚಾರ್ಟುಗಳನ್ನು ರಾತ್ರಿ ಲಾಟೀನಿನ ಬೆಳಕಿನಲ್ಲಿ ಬರೆಯುತ್ತಿದ್ದರು, ನಾನು ಸ್ಕೆಚ್ ಪೆನ್ ಮುಚ್ಚಳ ತೆಗೆದು ತೆಗೆದು ಕೊಡುತ್ತಿದ್ದೆ.

ನೇರ_ಮಾತು ಅಕ್ಕಾ, ನೀವು ಹೇಳಿದ ಹಾಗೆ ಹೆಂಗಸರನ್ನು ಹುಡುಕಿದೆ. ಕುಣಿಯುತ್ತಿದ್ದಾರೆ, ಪಕ್ಕದಲ್ಲಿ ಕೂತಿದ್ದಾರೆ. ಮಾತಾಡುವ ಜಾಗದಲ್ಲಿ ನನಗೂ ಕಾಣಲಿಲ್ಲ. ಇದನ್ನು ಮೊದಲ ಸಲ ನಾನು ಗಮನಿಸಿರಲೇ ಇಲ್ಲ, ಗಮನಿಸಿರಲಿಲ್ಲ ಅನ್ನುವುದೇ ನನಗೆ ಬೇಜಾರು. ಅದಾದ ಮೇಲೂ ಆ ಕೈಯ ಚಿತ್ರ ಮನಸ್ಸಿನಿಂದ ಹೋಗಿಲ್ಲ. ಎರಡೂ ಹಾಗೇ ಇವೆ.

ಕೊನೆಯ ಚಿತ್ರಗಳ ಕಡೆಗೆ ಈ ಸಲ ಬೇರೆ ಥರ ಹೋದೆ. ಮೊದಲ ದಿನ ಅವು ತಣ್ಣಗೆ ಅನ್ನಿಸಿದ್ದವು, ಗೆರೆಗಳು ತೀರಾ ಅಚ್ಚುಕಟ್ಟು, ಹಳೆಯ ಜರ್ಮನ್ ಕೆತ್ತನೆಗಳಿಂದ ತೆಗೆದ ಆಕೃತಿಗಳು. ಅಲುಗದ ಕೈಯವನು ಬೇರೆಯವರ ಕೈಗೆ ಮಾತಿನಲ್ಲಿ ಹೇಳಿ ಮಾಡಿಸಿದ್ದು ಅಂತ ಗೊತ್ತಾದ ಮೇಲೆ ಕೂತುಬಿಟ್ಟೆ. ರೈನ್_ನೀರು ಅವರೇ, ಗುಂಡಿಯ ಮಾತು ತಲೆಯಲ್ಲಿತ್ತು. ಬರುವಾಗ ಕೋಟಿನ ಗುಂಡಿ ಹಾಕಿಕೊಳ್ಳುವಾಗ ನನ್ನ ಬೆರಳುಗಳನ್ನೇ ನೋಡಿದೆ.

ಅಮ್ಮನಿಗೂ ರಾತ್ರಿ ಫೋನಿನಲ್ಲಿ ಎಲ್ಲ ಹೇಳಿದೆ. ಗೋಡೆಯ ತೂತಿನಿಂದ ಕೈ ಚಾಚಿದ ಚಿತ್ರದ ಫೋಟೋ ಕಳಿಸಿದೆ. "ಆ ಕಡೆಯವನು ಕೈ ಹಿಡಿದನಾ?" ಅಂತ ಕೇಳಿದರು. 1980ರಲ್ಲಿ ಅವನೇ ಈ ಕಡೆ ಬಂದನಂತೆ ಅಮ್ಮಾ ಅಂದೆ.

ಬಣ್ಣದ_ಡಬ್ಬಿ

ತಂಗಿ, ಒಂದು ಸಹಾಯ. ನಾನು ಪುಸ್ತಕದಲ್ಲಿ ಮಾತ್ರ ನೋಡಿದವನು, ಅಂಗೈ ಅಗಲದ ಪ್ರಿಂಟು. ಆ ಚಾಚಿದ ಕೈಯ ಹತ್ತಿರ ಬಣ್ಣ ಹೇಗಿದೆ? ದಪ್ಪ ಹಚ್ಚಿದ್ದಾನಾ, ತೆಳುವಾಗಿ ಎಳೆದಿದ್ದಾನಾ? ಮೊದಲು ಗೋಡೆ ಬಿಡಿಸಿ ಅದರ ಮೇಲೆ ಕೈ ಹಾಕಿದ್ದಾನಾ, ಅಥವಾ ಕೈಗೆ ಜಾಗ ಬಿಟ್ಟು ಸುತ್ತ ಗೋಡೆ ಕಟ್ಟಿದ್ದಾನಾ? ಪಕ್ಕದಿಂದ, ಬೆಳಕು ಬೀಳುವ ಕಡೆಯಿಂದ ಓರೆಯಾಗಿ ನೋಡಿದರೆ ಗೊತ್ತಾಗುತ್ತದೆ.

ಹೇಮಾವತಿ_ದಂಡೆ

ನೋಡಿಲ್ಲ ಸರ್. ಮುಂದಿನ ಭಾನುವಾರ ಹೋಗಿ ನೋಡಿ ಬರೆಯುತ್ತೇನೆ. ಮ್ಯೂನಿಕ್ ಕಡೆ ಇರುವ ಯಾರಾದರೂ ಜೊತೆಗೆ ಬರುವುದಾದರೆ ತಿಳಿಸಿ, ಹನ್ನೊಂದು ಗಂಟೆಗೆ ಕಂಬಗಳ ಹತ್ತಿರ ಇರುತ್ತೇನೆ.